ಐದೇ ಹೆಸರುಗಳ ಚಾಂಪಿಯನ್ ಪಟ್ಟಿ

ಸೀನಿಯರ್ ಮಹಿಳೆಯರ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್ 1991ರಲ್ಲಿ ಆರಂಭವಾಯಿತು. ಅದನ್ನು ಗೆದ್ದ ತಂಡಗಳನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಕು: ಮಣಿಪುರ, ಬಂಗಾಳ, ಒಡಿಶಾ, ರೈಲ್ವೆ, ತಮಿಳುನಾಡು. ಇವುಗಳಲ್ಲಿ ಮಣಿಪುರವೊಂದೇ ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿದೆ. ಉಳಿದ ನಾಲ್ಕೂ ತಂಡಗಳ ಗೆಲುವುಗಳನ್ನು ಕೂಡಿಸಿದರೂ ಅದರ ಅರ್ಧಕ್ಕೆ ಬರುವುದಿಲ್ಲ. ಈ ಸ್ಪರ್ಧೆಗೆ ಈಚೆಗೆ ರಾಜಮಾತಾ ಜೀಜಾಬಾಯಿ ಟ್ರೋಫಿ ಎಂಬ ಹೆಸರು ಬಂದಿದೆ. ಶಿವಾಜಿ ಮಹಾರಾಜರ ತಾಯಿಯ ಹೆಸರನ್ನು ತಿಳಿಯದ ಮನೆ ನಮ್ಮ ಬೆಳಗಾವಿಯಲ್ಲಿ ಇರಲಾರದು, ಆದರೆ ಆ ಹೆಸರಿನ ಟ್ರೋಫಿಗಾಗಿ ದೇಶದ ಮಹಿಳೆಯರು ಫುಟ್‌ಬಾಲ್ ಆಡುತ್ತಾರೆಂಬುದನ್ನು ಮಾತ್ರ ಇಲ್ಲಿನ ಫುಟ್‌ಬಾಲ್ ಪ್ರೇಮಿಗಳಲ್ಲಿಯೂ ಬಹಳ ಜನ ಕೇಳಿಲ್ಲ.

ಮಣಿಪುರದ ಮೇಲುಗೈಗೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರವೆಂದರೆ ಅಲ್ಲಿನ ಸಮಾಜದಲ್ಲಿ ಹೆಂಗಸರಿಗಿರುವ ಸ್ಥಾನ. ಇಂಫಾಲದಲ್ಲಿ ಹೆಂಗಸರೇ ನಡೆಸುವ ಇಮಾ ಕೈಥೆಲ್ ಮಾರುಕಟ್ಟೆಯ ಉದಾಹರಣೆಯನ್ನೂ ಕೂಡಲೇ ಕೊಡುತ್ತಾರೆ. ನನಗೆ ಈ ವಿವರಣೆ ಪೂರ್ತಿ ಒಪ್ಪಿಗೆಯಿಲ್ಲ. ಮಾರುಕಟ್ಟೆ ನಡೆಸುವ ಗಟ್ಟಿಗಿತ್ತಿಯರು ನಮ್ಮ ಬೆಳಗಾವಿಯ ತರಕಾರಿ ಪೇಟೆಯಲ್ಲಿಯೂ ಇದ್ದಾರೆ, ಆದರೆ ಅವರ ಮಕ್ಕಳು ರಾಷ್ಟ್ರೀಯ ತಂಡದಲ್ಲಿಲ್ಲ. ಮಣಿಪುರದಲ್ಲಿ ಯಾವಾ, ಕ್ರಿಫ್ಸಾ, ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್‌ನಂತಹ ಕ್ಲಬ್‌ಗಳು ಹುಡುಗಿಯರನ್ನು ಆಡಿಸಿದವು, ಆಡಿ ಬೆಳೆದವರಲ್ಲಿ ಹಲವರಿಗೆ ರಾಜ್ಯದ ಪೊಲೀಸ್ ಇಲಾಖೆ ನೌಕರಿ ಕೊಟ್ಟಿತು. ಕ್ಲಬ್ಬಿನ ಮೈದಾನದಿಂದ ಸರ್ಕಾರಿ ಸಂಬಳದವರೆಗೆ ಹೀಗೊಂದು ದಾರಿ ಕಾಣುತ್ತಿದ್ದುದೇ ಆ ಗೆಲುವುಗಳ ನಿಜವಾದ ಬುನಾದಿ ಎಂಬುದು ನನ್ನ ಅಭಿಪ್ರಾಯ.

ಓಯಿನಮ್ ಬೆಂಬೆಮ್ ದೇವಿಯವರ ಬದುಕೇ ಇದಕ್ಕೆ ಸಾಕ್ಷಿ. 1980ರಲ್ಲಿ ಇಂಫಾಲದಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಹುಡುಗರ ತಂಡಗಳಲ್ಲಿ, ಹುಡುಗರ ಹೆಸರಿಟ್ಟುಕೊಂಡು ಆಡಿದವರು; ಹದಿಹರೆಯದಲ್ಲಿಯೇ ಭಾರತ ತಂಡಕ್ಕೆ ಬಂದು, ಮುಂದೆ ಮಣಿಪುರ ಪೊಲೀಸ್ ಸೇರಿ, ರಾಜ್ಯಕ್ಕೆ ಮೇಲಿಂದ ಮೇಲೆ ಈ ಪ್ರಶಸ್ತಿಯನ್ನು ತಂದುಕೊಟ್ಟರು. 2017ರಲ್ಲಿ ಅರ್ಜುನ ಪ್ರಶಸ್ತಿಯೂ 2020ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು. ಅವರ ನಂತರ ಬಂದ ಙಂಗೋಮ್ ಬಾಲಾ ದೇವಿ ಕೂಡ ಮಣಿಪುರ ಪೊಲೀಸ್‌ನವರೇ. 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದ ಅವರು ಯುರೋಪಿನಲ್ಲಿ ವೃತ್ತಿಪರ ಒಪ್ಪಂದ ಪಡೆದ ಮೊದಲ ಭಾರತೀಯ ಮಹಿಳಾ ಫುಟ್‌ಬಾಲ್ ಆಟಗಾರ್ತಿ.

ಉಳಿದ ಚಾಂಪಿಯನ್ನರ ಕಥೆಯನ್ನು ಓದಿದರೂ ಅಲ್ಲಿ ಸಿಗುವುದು ನೌಕರಿ ಮತ್ತು ಹಾಸ್ಟೆಲ್. ಬಂಗಾಳ ಎರಡು ಬಾರಿ ಗೆದ್ದದ್ದು ಸ್ಪರ್ಧೆಯ ಮೊದಲ ದಶಕದಲ್ಲಿ. ಆಮೇಲೆ ಅದರ ಪಾಲಿಗೆ ಹೆಚ್ಚಾಗಿ ಬಂದದ್ದು ಎರಡನೆಯ ಸ್ಥಾನ. 2010-11ರಲ್ಲಿ ಗೆದ್ದ ಒಡಿಶಾ ಭುವನೇಶ್ವರದ ಕ್ರೀಡಾ ಹಾಸ್ಟೆಲ್‌ನಲ್ಲಿ ಹುಡುಗಿಯರನ್ನು ವರ್ಷಗಟ್ಟಲೆ ಬೆಳೆಸಿದ ರಾಜ್ಯ. 2015-16ರ ವಿಜೇತ ರೈಲ್ವೆ ತಂಡದ ವಿಷಯದಲ್ಲಂತೂ ಬಿಡಿಸಿ ಹೇಳಬೇಕಾದದ್ದೇನೂ ಇಲ್ಲ, ಏಕೆಂದರೆ ಅಲ್ಲಿ ತಂಡವೆಂದರೆ ನೌಕರರ ತಂಡವೇ. ಮಣಿಪುರದ ಯುಮ್ನಮ್ ಕಮಲಾ ದೇವಿಯವರಂತಹ ಆಟಗಾರ್ತಿಯರು ರೈಲ್ವೆ ಸೇರಿ, ತಮ್ಮ ತವರಿನ ಪ್ರತಿಸ್ಪರ್ಧಿ ತಂಡಕ್ಕೇ ಬಲ ತುಂಬಿದರು.

ತಮಿಳುನಾಡಿನ ಗೆಲುವು ಮಾತ್ರ ನಮ್ಮವರು ಹೆಚ್ಚು ಗಮನವಿಟ್ಟು ನೋಡಬೇಕಾದದ್ದು, ಏಕೆಂದರೆ ಅದು ನಮ್ಮ ಪಕ್ಕದ ರಾಜ್ಯ ಮತ್ತು ಫುಟ್‌ಬಾಲಿನ ವಿಷಯದಲ್ಲಿ ನಮಗಿಂತ ಬಹಳ ಮುಂದಿತ್ತು ಎನ್ನುವಂತಿರಲಿಲ್ಲ. 2018ರ ಫೆಬ್ರುವರಿಯಲ್ಲಿ ಕಟಕ್‌ನಲ್ಲಿ ನಡೆದ ಫೈನಲ್‌ನಲ್ಲಿ ಅದು ಮಣಿಪುರವನ್ನೇ 2-1ರಿಂದ ಸೋಲಿಸಿತು. ಗೋಲು ಹೊಡೆದವರಲ್ಲಿ ಒಬ್ಬರು ಕಡಲೂರಿನ ಇಂದುಮತಿ ಕದಿರೇಶನ್. ಅವರು ತಮಿಳುನಾಡು ಪೊಲೀಸ್‌ನಲ್ಲಿ ಸಬ್ ಇನ್‌ಸ್ಪೆಕ್ಟರ್. 2020ರ ಲಾಕ್‌ಡೌನ್ ಕಾಲದಲ್ಲಿ ಚೆನ್ನೈನ ಬೀದಿಗಳಲ್ಲಿ ಬಂದೋಬಸ್ತ್ ಕೆಲಸ ಮಾಡಿದವರು. ಕಟಕ್‌ನ ಗೆಲುವಿನ ಮರುವರ್ಷ ಮದುರೈನ ಸೇತು ಎಫ್‌ಸಿ, ಕ್ಲಬ್‌ಗಳ ರಾಷ್ಟ್ರೀಯ ಸ್ಪರ್ಧೆಯಾದ ಇಂಡಿಯನ್ ವಿಮೆನ್ಸ್ ಲೀಗ್‌ನ 2018-19ರ ಪ್ರಶಸ್ತಿಯನ್ನು ಗೆದ್ದಿತು. 2023ರ ಜೂನ್‌ನಲ್ಲಿ ಅಮೃತಸರದಲ್ಲಿ ಹರಿಯಾಣವನ್ನು 2-1ರಿಂದ ಮಣಿಸಿ ತಮಿಳುನಾಡು ಎರಡನೆಯ ಬಾರಿ ಚಾಂಪಿಯನ್ ಆಯಿತು.

ಈ ನಡುವೆ 2021ರ ಡಿಸೆಂಬರ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ ನಡೆದ ಫೈನಲ್‌ ಅನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮಣಿಪುರ ಮತ್ತು ರೈಲ್ವೆ ಗೋಲಿಲ್ಲದೆ ಸೆಣಸಿ, ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋದಾಗ, ಮಣಿಪುರದ ಗೋಲ್‌ಕೀಪರ್ ಓಕ್ರಮ್ ರೋಶಿನಿ ದೇವಿ ಮೂರು ಹೊಡೆತಗಳನ್ನು ತಡೆದರು. ಶೂಟೌಟ್‌ನ ಅಂತಿಮ ಅಂಕ ಕೇವಲ 2-1. ಕೇರಳದಂತೆ ಫುಟ್‌ಬಾಲ್ ಹುಚ್ಚಿರುವ ರಾಜ್ಯವೂ ಈ ಪ್ರಶಸ್ತಿಯನ್ನು ಒಮ್ಮೆಯೂ ಗೆದ್ದಿಲ್ಲ, ಗೋವಾ ಕೂಡ ಗೆದ್ದಿಲ್ಲ. ಆಟದ ಹುಚ್ಚು ಎಷ್ಟೇ ಇದ್ದರೂ ಅದು ತಾನಾಗಿ ಹುಡುಗಿಯರ ತನಕ ತಲುಪುವುದಿಲ್ಲವೆಂದು ನಾನು ಹೇಳುವುದು ಇದನ್ನು ನೋಡಿಯೇ.

ಗೋವಾದ ಮಾತು ಬೆಳಗಾವಿಗೂ ಸಲ್ಲುತ್ತದೆ. ಚೋರ್ಲಾ ಘಾಟ್ ಇಳಿದರೆ ಗೋವಾ. ಊರೊಳಗೆ ಮರಾಠಾ ಲಘು ಪದಾತಿ ದಳದ ಕೇಂದ್ರ, ಹಳೆಯ ದಂಡುಪ್ರದೇಶ, ಶಾಲಾ ಹುಡುಗರ ಟೂರ್ನಿಗಳ ಪರಂಪರೆ. ಇವೆಲ್ಲವುಗಳಿಂದಾಗಿ ಇಲ್ಲಿ ಫುಟ್‌ಬಾಲ್ ಯಾವ ಕಾಲಕ್ಕೂ ಅಪರಿಚಿತ ಆಟವಾಗಿರಲಿಲ್ಲ. ಈಗ ಸಂಜೆ ಮೈದಾನದಲ್ಲಿ ಹುಡುಗಿಯರೂ ಕಾಣುತ್ತಾರೆ. ಮಗಳನ್ನು ಕರೆತಂದಿದ್ದ ತಂದೆಯೊಬ್ಬರು, "ಆಡಸ್ತೀವ್ರೀ ಸರ, ಆದ್ರ ಇದರಾಗ ಮುಂದ ನೌಕ್ರಿ ಸಿಗ್ತದೇನ್ರೀ?" ಎಂದು ಕೇಳಿದರು. ನಾನು ಇಂದುಮತಿ, ಬಾಲಾ ದೇವಿ, ಕಮಲಾ ದೇವಿ ಎಂದು ಹೆಸರು ಹೇಳಿದೆ. "ಅವ್ರೆಲ್ಲಾ ಬ್ಯಾರೆ ರಾಜ್ಯದವ್ರಲ್ರೀ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ನಮ್ಮ ರಾಜ್ಯಕ್ಕೆ ಈ ವಿದ್ಯೆ ಬಾರದೆಂದಲ್ಲ. ವಿಜಯಪುರ ಮತ್ತು ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳು ಹಳ್ಳಿಗಳಿಂದ ಹುಡುಗ ಹುಡುಗಿಯರನ್ನು ಆಯ್ದು ತಂದು ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನಾಗಿ ಮಾಡಿವೆ. ಪುರುಷರ ಫುಟ್‌ಬಾಲ್‌ನಲ್ಲಿ 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಸ್ಪರ್ಧೆಯಾದ ಸಂತೋಷ್ ಟ್ರೋಫಿಯನ್ನು 1968-69ರ ಬಳಿಕ ಮೊದಲ ಬಾರಿ ಗೆದ್ದಿತು. ಅದೇ ವರ್ಷ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಮಹಿಳಾ ಲೀಗ್‌ನ ಫೈನಲ್ ತಲುಪಿ ಗೋಕುಲಂ ಕೇರಳಕ್ಕೆ ಸೋತಿತು. ಬೆಂಗಳೂರಿನಲ್ಲಿ ಕ್ಲಬ್ ಇದೆ, ವಿಜಯಪುರದಲ್ಲಿ ಹಾಸ್ಟೆಲ್ ಇದೆ. ಬೆಳಗಾವಿಯಲ್ಲಿ ಹುಡುಗಿಯರ ಫುಟ್‌ಬಾಲ್‌ಗೆ ಅಂಥದ್ದೊಂದು ವಸತಿ ನಿಲಯವನ್ನು ಕೇಳುವುದಾದರೆ, ಮೈದಾನದ ಜೊತೆಗೆ ಪೊಲೀಸ್ ಮತ್ತು ರೈಲ್ವೆಯ ಕ್ರೀಡಾ ಕೋಟಾದ ವಿವರವನ್ನೂ ಆ ತಂದೆಯಂಥವರ ಕೈಗೆ ಕೊಡುವ ವ್ಯವಸ್ಥೆಯನ್ನು ಕೂಡಿಸಿಯೇ ಕೇಳಬೇಕು.