ಕನ್ನಡಕ ಬರುವ ತನಕ

ಅಮ್ಮನ ಎರಡನೇ ಕಣ್ಣಿನ ಪೊರೆ ತೆಗೆಸಿದ್ದು ಮಳೆಗಾಲದಲ್ಲಿ. ಹೊಸ ಕನ್ನಡಕಕ್ಕೆ ಹೆಚ್ಚುಕಮ್ಮಿ ಒಂದು ತಿಂಗಳು ಕಾಯಬೇಕು ಎಂದರು ಡಾಕ್ಟರು. ಗಾಯ ಮಾಗಬೇಕು, ಕಣ್ಣಿನ ಪವರ್ ಒಂದು ಕಡೆ ನಿಲ್ಲಬೇಕು, ಆಮೇಲೇ ನಂಬರ್ ಬರೆಯುವುದು. ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಹತ್ತಿರದ ಸಣ್ಣ ಅಕ್ಷರ ಮಾತ್ರ ಆಗುವುದಿಲ್ಲ. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವಳಿಗೆ ಇದು ಸಣ್ಣ ಮಾತಲ್ಲ. ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಹಾಸನಕ್ಕೆ ಬಂದೆ. ಹಗಲು ಆಫೀಸಿನ ಕೆಲಸ, ನಡುನಡುವೆ ಡ್ರಾಪ್ಸ್, ಉಳಿದ ಹೊತ್ತೆಲ್ಲ ಅಮ್ಮನ ಪಕ್ಕ. ಆ ತಿಂಗಳು ನಾನು ಕೇಳಿದ್ದು, ಓದಿದ್ದು, ನೋಡಿದ್ದು ಎಲ್ಲವನ್ನೂ ಅವಳ ಜೊತೆಗೇ. ಒಬ್ಬಳೇ ಇಯರ್‌ಫೋನ್ ಹಾಕಿಕೊಂಡು ಕೂತಿದ್ದರೆ ಇವು ನನಗೆ ಇಷ್ಟು ಹಿಡಿಸುತ್ತಿರಲಿಲ್ಲ.

ಒಂದು ಡ್ರಾಪ್ಸ್‌ಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು. ಕಣ್ಣು ಮುಚ್ಚಿ ಸುಮ್ಮನೆ ಕೂರಬೇಕು. ಬೆಳಗಿನ ಆ ಹೊತ್ತಿಗೆ ಅಮ್ಮ ಕೇಳಿದ್ದು ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರನ್ನು. ಧಾರವಾಡದ ಹತ್ತಿರದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದವರು. ಮೊದಲು ಗ್ವಾಲಿಯರ್ ಘರಾಣೆಯಲ್ಲಿ, ಅಂದರೆ ಆ ಗಾಯನ ಪರಂಪರೆಯಲ್ಲಿ ಕಲಿತರು. ಆಮೇಲೆ ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಹತ್ತಿರ, ಅವರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರ ಹತ್ತಿರ. ಜನ ಸಾಮಾನ್ಯವಾಗಿ ಹಾಡದ ರಾಗಗಳನ್ನು, ಎರಡು ರಾಗ ಸೇರಿದ ಜೋಡು ರಾಗಗಳನ್ನು ಅವರು ಎಷ್ಟು ಸಲೀಸಾಗಿ ಹಾಡುತ್ತಾರೆ ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ನನಗೆ ಅಷ್ಟು ಗೊತ್ತಾಗುವುದಿಲ್ಲ. ನಾವು ಮತ್ತೆ ಮತ್ತೆ ಹಾಕಿಕೊಂಡಿದ್ದು ಅಕ್ಕಮಹಾದೇವಿಯ 'ಅಕ್ಕ ಕೇಳವ್ವಾ' ವಚನ. ಕನಸಲ್ಲಿ ಅಕ್ಕಿ, ಅಡಕೆ, ತೆಂಗಿನಕಾಯಿ ಕಂಡೆ ಎಂದು ಗೆಳತಿಗೆ ಹೇಳುವ ವಚನ ಅದು. ಮನ್ಸೂರರ ದನಿಯಲ್ಲಿ ಭಕ್ತಿಗಿಂತ ಮುಂಚೆ ಆ ಹೇಳುವ ಆತುರ ಕೇಳಿಸುತ್ತದೆ. ಮದುವೆಯ ಸಾಮಾನನ್ನು ಕನಸಲ್ಲಿ ಕಂಡ ಹುಡುಗಿಯ ಆತುರ. ಎರಡನೇ ಡ್ರಾಪ್ಸ್ ಹಾಕುವ ಹೊತ್ತು ಆದರೂ ಹಾಡು ಮುಗಿಯುವ ತನಕ ಅಮ್ಮ ಕಣ್ಣು ತೆರೆಯುತ್ತಿರಲಿಲ್ಲ. ನಾನೂ ಕರೆಯುತ್ತಿರಲಿಲ್ಲ.

ಪಾಡ್‌ಕಾಸ್ಟ್ ಅಂದರೆ ಏನು ಎಂದು ಅವಳಿಗೆ ಹೇಳಿಕೊಡಬೇಕಾಯಿತು. ಕೇಳಿಸಿದ್ದು 'ತಲೆ-ಹರಟೆ'. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಅವರ ಗೆಳೆಯರು ಶುರು ಮಾಡಿದ ಕನ್ನಡ ಪಾಡ್‌ಕಾಸ್ಟ್. ವಿಷಯ ಬಲ್ಲವರನ್ನು ಕರೆದು ಕೂರಿಸಿಕೊಂಡು, ಅವಸರವಿಲ್ಲದೆ ಮಾತಾಡಿಸುತ್ತಾರೆ. ಮಾತಿನ ನಡುವೆ ಇಂಗ್ಲಿಷ್ ಜಾಸ್ತಿ ಬರುತ್ತದೆ ಎಂದು ಅಮ್ಮನ ತಕರಾರು. ಆದರೂ ಬದನೆಕಾಯಿ ಹೆಚ್ಚುತ್ತಾ ಪೂರ್ತಿ ಕೇಳುತ್ತಿದ್ದಳು. "ಇದು ರೇಡಿಯೋನೇ ಅಲ್ವಾ?" ಎಂದಳು ಒಂದು ದಿನ. ಅವಳ ಮಾತು ನಿಜ ಅನ್ನಿಸಿತು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ ಮನೆಯಲ್ಲೇ ಒಂದು ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರು ಮಾಡಿದ್ದರು. ಸರ್ಕಾರದ್ದಲ್ಲ, ಸ್ವಂತದ್ದು. ಅದೇ ಮೈಸೂರಿನ ಆಕಾಶವಾಣಿ. ತಮ್ಮ ಮೈಕ್ ತಾವೇ ಇಟ್ಟುಕೊಂಡು ಕನ್ನಡದಲ್ಲಿ ಮಾತಾಡುವ ಈಗಿನ ಹುಡುಗರು ಆ ಮೇಷ್ಟ್ರ ದಾರಿಯಲ್ಲೇ ಇದ್ದಾರೆ.

ಟಿವಿಯಲ್ಲಿ ಹೊಸದೇನೂ ನೋಡಲಿಲ್ಲ. ಚಂದನದಲ್ಲಿ ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ'. 2002ರಿಂದ ನಡೆದು ಬಂದಿದೆ. ಸರಿ ಉತ್ತರಕ್ಕೆ ಕನ್ನಡ ಪುಸ್ತಕವೇ ಬಹುಮಾನ. ನನಗೆ ಆ ಕಾರ್ಯಕ್ರಮದ ಮೇಲೆ ಇರುವ ಗೌರವಕ್ಕೆ ಇದೊಂದೇ ಕಾರಣ ಸಾಕು. ಇನ್ನೊಂದು 'ಮಾಲ್ಗುಡಿ ಡೇಸ್'. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದದ್ದು. ಎಲ್. ವೈದ್ಯನಾಥನ್ ಅವರ ಸಂಗೀತ ಶುರುವಾಗುತ್ತಿದ್ದ ಹಾಗೆ ಅಮ್ಮ ಅಡುಗೆಮನೆಯಿಂದ ಬಂದು ಕೂತಳು. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟಿರುತ್ತದಂತೆ, ನೀಲಿ ಬಣ್ಣವನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲವಂತೆ. ಅದನ್ನು ತೆಗೆದ ಮೇಲೆ ಹಳೆಯ ಪ್ರಿಂಟಿನಲ್ಲೂ ಅವಳಿಗೆ ಬಣ್ಣ ಬೇರೆಯಾಗಿ ಕಂಡಿತು. ಸ್ವಾಮಿಯ ಕತೆ ಬಿಟ್ಟು, ಆ ಮನೆಯ ಕಂಬ, ಆಕಾಶ, ಯಾರದೋ ಸೀರೆ ಅಂತ ಒಂದೊಂದನ್ನೇ ತೋರಿಸುತ್ತಾ ಕೂತಳು. ಕತೆ ಅವಳಿಗೆ ಗೊತ್ತಿರುವುದೇ.

ಆದರೆ ಆ ತಿಂಗಳು ನಮ್ಮಿಬ್ಬರನ್ನು ಹಿಡಿದು ಕೂರಿಸಿದ್ದು ಬಾನು ಮುಷ್ತಾಕ್ ಅವರ ಕತೆಗಳು. 2025ರ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ಮೂರಿನವರೆಲ್ಲ ಮನೆಯವರಿಗೇ ಬಂದ ಹಾಗೆ ಹಿಗ್ಗಿದ್ದರು. ಬಾನು ಹಾಸನದವರೇ, ವಕೀಲರು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಸಣ್ಣಕತೆಗಳ ಸಂಕಲನಕ್ಕೂ ಅದೇ ಮೊದಲು. ನಾವು ಕನ್ನಡದಲ್ಲೇ ಓದಿದೆವು. ಅಂದರೆ ನಾನು ಗಟ್ಟಿಯಾಗಿ ಓದಿದೆ, ಅವಳು ಕೇಳಿದಳು.

ಗಟ್ಟಿಯಾಗಿ ಓದಿದಾಗಲೇ ಈ ಕತೆಗಳ ಮಾತು ಬಾಯಿಗೆ ಸಿಕ್ಕಿತು. ಕನ್ನಡದ ನಡುವೆ ದಖ್ನಿ ಉರ್ದು ಬಂದು ಹೋಗುತ್ತದೆ. ನಮ್ಮ ಬೀದಿಯಲ್ಲಿ ಅಂಥ ಮಾತು ದಿನಾ ಕೇಳುತ್ತೇವೆ. ನಾನು ಒಂದು ಸಾಲನ್ನು ಪುಸ್ತಕದ ಕನ್ನಡದಂತೆ ನೇರವಾಗಿ ಓದಿದರೆ ಅಮ್ಮ ತಡೆಯುತ್ತಿದ್ದಳು. "ಹಾಗಲ್ಲ, ಅವರು ಹೀಗೆ ಎಳೆದು ಹೇಳ್ತಾರೆ" ಎಂದು ತಾನೇ ಹೇಳಿ ತೋರಿಸುತ್ತಿದ್ದಳು. ಬೀದಿಯ ಕೊನೆಯ ಮನೆಯವರ ಜೊತೆ ವರ್ಷಗಟ್ಟಲೆ ಕಾಂಪೌಂಡಿನ ಮೇಲೆ ಮಾತಾಡಿದ ಅಭ್ಯಾಸ ಅದು.

'ಹಾರ್ಟ್ ಲ್ಯಾಂಪ್'ಗೆ ಹೆಸರು ಕೊಟ್ಟ ಕತೆ 'ಎದೆಯ ಹಣತೆ' ಓದಿದ ಸಂಜೆ ಕರೆಂಟ್ ಇರಲಿಲ್ಲ. ಮೊಬೈಲಿನ ಟಾರ್ಚ್ ಹಿಡಿದು ಓದಿದೆ. ಗಂಡ ಬೇರೆ ಹೆಣ್ಣಿನ ಹಿಂದೆ ಹೋಗಿದ್ದಾನೆ. ಮೆಹರುನ್ ತವರಿಗೆ ಬರುತ್ತಾಳೆ. ತವರಿನವರು ಮರ್ಯಾದೆಯ ಮಾತಾಡಿ ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ದೊಡ್ಡ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಓಡಿ ಬಂದು ತಾಯಿಯನ್ನು ತಡೆಯುತ್ತಾಳೆ. ಅಲ್ಲಿಗೆ ಬಂದಾಗ ನನ್ನ ದನಿ ನಿಂತಿತು. ಅಮ್ಮ ನೀರು ಕೇಳಲಿಲ್ಲ, ಸಾಕು ಅನ್ನಲಿಲ್ಲ. "ಓದು" ಅಂದಳು, ಅಷ್ಟೇ. ಓದಿದೆ.

'ಒಮ್ಮೆ ಹೆಣ್ಣಾಗು ಪ್ರಭುವೇ' ಕತೆಯಲ್ಲಿ ಹೆಂಗಸೊಬ್ಬಳು ನೇರವಾಗಿ ದೇವರ ಜೊತೆ ಮಾತಿಗೆ ನಿಲ್ಲುತ್ತಾಳೆ. ಇನ್ನೊಮ್ಮೆ ಲೋಕ ಕಟ್ಟುವುದಾದರೆ ನೀನೇ ಹೆಣ್ಣಾಗಿ ಬಾ ಎಂದು ಕರೆಯುತ್ತಾಳೆ. ನನಗೆ ತುಂಬ ಹಿಡಿಸಿದ್ದು ಇದು. ಅವಳು ಬೇಡುತ್ತಿಲ್ಲ, ಲೆಕ್ಕ ಕೇಳುತ್ತಿದ್ದಾಳೆ. ಅಮ್ಮ ಒಪ್ಪಲಿಲ್ಲ. ದೇವರನ್ನು ಕೇಳಿ ಏನು ಬಂತು, ಆ ತವರಿನವರನ್ನು ನಿಲ್ಲಿಸಿ ಕೇಳಬೇಕು ಎನ್ನುವುದು ಅವಳ ವಾದ. ಅವಳಿಗೆ 'ಎದೆಯ ಹಣತೆ'ಯೇ ದೊಡ್ಡ ಕತೆ. ಈ ಜಗಳ ತಿಂಡಿಯ ಹೊತ್ತಿಗೆ ಶುರುವಾದರೆ ಊಟದ ತನಕ ನಡೆಯುತ್ತಿತ್ತು.

ಕನ್ನಡಕ ಬಂತು. ಅಮ್ಮ ಈಗ ಪೇಪರನ್ನು ತಾನೇ ಓದುತ್ತಾಳೆ. ಪುಸ್ತಕವನ್ನೂ ಇನ್ನೊಮ್ಮೆ ಶುರು ಮಾಡಿದ್ದಾಳೆ. ನಾನು ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಅವಳ ತಲೆಯಲ್ಲಿ ಇದ್ದದ್ದು ಸಲ್ಮಾ. ಅಮ್ಮನನ್ನು ಉಳಿಸಿಕೊಂಡ ಆ ಹುಡುಗಿ ಮುಂದೆ ಏನಾದಳು, ಓದಿದಳಾ, ಅವಳಿಗೂ ಬೇಗ ಮದುವೆ ಮಾಡಿಬಿಟ್ಟರಾ ಎಂದು ಕೇಳಿದಳು. ಕತೆ ಅಲ್ಲಿಗೇ ಮುಗಿಯುತ್ತದೆ ಎಂದೆ. "ಬರೆದವರು ಈ ಊರಲ್ಲೇ ಇದ್ದಾರಲ್ಲ. ಯಾವತ್ತಾದರೂ ಸಿಕ್ಕಿದರೆ ಕೇಳ್ತೀನಿ" ಎಂದಳು.