'ತ್ರೆಸ್ ಅರ್ಖೆಂತಿನೋಸ್' ಧ್ವನಿ ಶುದ್ಧೀಕರಣ: 100 ಹರ್ಟ್ಜ್ ಗುಂಯ್ ಶಬ್ದ ಕೊನೆಗೂ ತೊಲಗಿತು

ಗಾಯಕ-ನಟ ಊಗೊ ದೆಲ್ ಕಾರಿಲ್ ದನಿ ಈಗ ಅವರ ದನಿಯಾಗಿಯೇ ಕೇಳಿಸುತ್ತಿದೆ. ಚಿತ್ರ ಮನುಯೆಲ್ ರೊಮೆರೊ 1938ರಲ್ಲಿ ಮಾಡಿದ 'ತ್ರೆಸ್ ಅರ್ಖೆಂತಿನೋಸ್ ಎನ್ ಪಾರೀಸ್', ಪ್ಯಾರಿಸ್‌ನಲ್ಲಿ ಸಿಕ್ಕಿಬಿದ್ದು ಬ್ಯೂನಸ್ ಐರಿಸ್‌ಗಾಗಿ ಹಂಬಲಿಸುವವರ ಹಾಡು-ಹಾಸ್ಯದ ಕಥೆ. ಪ್ರತಿ ಹುಡುಕುವವರು 'ತ್ರೆಸ್ ಆಂಕ್ಲಾದೋಸ್ ಎನ್ ಪಾರೀಸ್' ಅಂತಲೂ ಹುಡುಕಿ, ಎರಡೂ ಹೆಸರು ಚಾಲ್ತಿಯಲ್ಲಿವೆ.

ಚಿತ್ರದ ಗೀರು, ಕುಲುಕಾಟ ಎಲ್ಲ ಮಾಮೂಲಿ ವಿಧಾನದಲ್ಲೇ ಮುಗಿದವು. ಕಾಡಿದ್ದು ಧ್ವನಿ. ನಾನು ಹಿಡಿದದ್ದು ಟಿವಿಯಲ್ಲಿ ಬಂದ ಪ್ರತಿ. ಅರ್ಜೆಂಟೀನಾದ ಟಿವಿ ಪಾಲ್-ಎನ್ (ಸೆಕೆಂಡಿಗೆ 25 ಫ್ರೇಮ್ ತೋರಿಸುವ ಪದ್ಧತಿ) ಆದ್ದರಿಂದ 24 ಫ್ರೇಮಿನ ಚಿತ್ರ 25ರಲ್ಲಿ ಓಡಿದೆ. 440 ಹರ್ಟ್ಜ್‌ನ ಸ್ವರ 458ಕ್ಕೆ ಏರಿದೆ, ಅಂದರೆ ಮುಕ್ಕಾಲು ಸೆಮಿಟೋನಿಗೆ (ಅಕ್ಕಪಕ್ಕದ ಎರಡು ಸ್ವರಗಳ ಅಂತರ) ತುಸು ಕಮ್ಮಿ. ಜೊತೆಗೆ 100 ಹರ್ಟ್ಜ್‌ನಲ್ಲಿ ಬಿಡದ ಗುಂಯ್. ಅದಕ್ಕೆ ನಾಚ್ ಫಿಲ್ಟರ್ (ಒಂದೇ ಆವರ್ತನವನ್ನು ಕತ್ತರಿಸುವ ಫಿಲ್ಟರ್) ಹಾಕಿದರೆ ಮೌನದ ಜಾಗಗಳು ಶುದ್ಧವಾಗುತ್ತವೆ, ಹಾಡು ಶುರುವಾದೊಡನೆ ಒರಟುತನ ಮತ್ತೆ ಹಾಜರು.

ಕಾರಣ, ಅಲ್ಲಿರುವುದು ಒಂದು ಗುಂಯ್ ಅಲ್ಲ, ಎರಡು. 35 ಮಿಲಿಮೀಟರ್ ಫಿಲಂನಲ್ಲಿ ಫ್ರೇಮಿಗೆ ಅಂಚಿನಲ್ಲಿ 4 ತೂತು. 24 ಫ್ರೇಮಿಗೆ ಸೆಕೆಂಡಿಗೆ 96, 25 ಫ್ರೇಮಿಗೆ ಸರಿಯಾಗಿ 100. ತೂತು ಹಾಯುವ ಈ ಲಯವೇ ಒಂದು ಗುಂಯ್. ಕರೆಂಟಿನ 50 ಹರ್ಟ್ಜ್ ಹಮ್‌ನ ದುಪ್ಪಟ್ಟೂ ಅದೇ 100! ಬೇರೆ ಮಾಡುವುದು ಹೀಗೆ: ಸ್ಪೆಕ್ಟ್ರೋಗ್ರಾಂನಲ್ಲಿ (ಯಾವ ಆವರ್ತನ ಎಷ್ಟು ಜೋರು ಎಂದು ತೋರಿಸುವ ನಕ್ಷೆ) ಕರೆಂಟಿನ ಹಮ್‌ಗೆ 50, 150ರಲ್ಲೂ ಗೆರೆ ಕಾಣುತ್ತದೆ, ಚಿತ್ರದುದ್ದಕ್ಕೂ ಒಂದೇ ಮಟ್ಟ. ತೂತಿನದು ರೀಲು ಬದಲಾದಾಗ, ಸುಮಾರು 10 ನಿಮಿಷಕ್ಕೊಮ್ಮೆ, ಏರಿಳಿಯುತ್ತದೆ.

ಮೊದಲು 25ರ ವೇಗದಲ್ಲೇ 50, 100, 150ಕ್ಕೆ ನಾಚ್. ಕ್ಯೂ (ಹೆಚ್ಚಿದಷ್ಟೂ ನಾಚ್ ಕಿರಿದು) 80ರ ಹತ್ತಿರ ಇರಲಿ. 30 ಇಟ್ಟರೆ ಡಬಲ್ ಬೇಸ್‌ನ 98 ಹರ್ಟ್ಜ್ ಸ್ವರ (ಈ ವೇಗದಲ್ಲಿ 102) ಸೊರಗುತ್ತದೆ. ಆಮೇಲೆ ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ವೇಗ 0.960. 'ಚೇಂಜ್ ಟೆಂಪೋ' ಮುಟ್ಟಬೇಡಿ, ಅದು ಶ್ರುತಿಯನ್ನು ಏರಿದಲ್ಲೇ ಬಿಡುತ್ತದೆ.

ಉಳಿದದ್ದೇ ಹಠಮಾರಿ: ಹಾಡಿನೊಳಗಿನ ಆ ಒರಟುತನ. ಸಂಸ್ಕರಣೆಯಲ್ಲಿ ಡೆವಲಪರ್ ತೂತುಗಳ ಸುತ್ತ ಬೇರೆ ರೀತಿ ಹರಿದು ಸಾಂದ್ರತೆ ಬದಲಾದರೆ ಧ್ವನಿಯ ಮಟ್ಟವೇ 96 ಸಲ ಏರಿಳಿಯುತ್ತದೆ. 440ರ ಸ್ವರದ ಆಚೀಚೆ 344, 536ರಲ್ಲಿ ನೆರಳುಗಳು, ಮೂಲಕ್ಕಿಂತ ಸುಮಾರು 30 ಡೆಸಿಬಲ್ ಕೆಳಗೆ. ನಾಚ್ ಇವನ್ನು ಮುಟ್ಟುವುದಿಲ್ಲ. ಮದ್ದು: ಆಡಾಸಿಟಿಯಲ್ಲಿ ಕೋಡ್ ಬರೆಯುವ ನೈಕ್ವಿಸ್ಟ್ ಪ್ರಾಂಪ್ಟ್‌ನಲ್ಲಿ 96 ಹರ್ಟ್ಜ್ ಸೈನ್ ಅಲೆಯನ್ನು 0.06 ಆಳದಲ್ಲಿ ತಿರುವುಮುರುವಾಗಿ ಟ್ರ್ಯಾಕಿಗೆ ಗುಣಿಸುವುದು. ಫೇಸ್ (ಅಲೆ ಶುರುವಾಗುವ ಜಾಗ) ಹುಡುಕಲು ದೀರ್ಘವಾಗಿ ಎಳೆದ ಒಂದು ಸ್ವರ ಆರಿಸಿ, 15 ಡಿಗ್ರಿಯಂತೆ ಸರಿಸುತ್ತ ಸ್ಪೆಕ್ಟ್ರೋಗ್ರಾಂ ನೋಡಿ. ನೆರಳು ಕರಗಿದಲ್ಲಿ ನಿಲ್ಲಿಸಿ. ಫ್ರೇಮ್ ಗೆರೆಯ ಮೇಲೆ ಅಂಟಿಸಿದ ಜೋಡಣೆಯಲ್ಲಿ ಫೇಸ್ ಕದಲುವುದಿಲ್ಲ, ಫ್ರೇಮು ಹೋದರೂ ನಾಲ್ಕು ತೂತು ಒಟ್ಟಿಗೇ ಹೋಗುತ್ತವಲ್ಲ. ಹಾಗಾಗಿ ರೀಲಿಗೊಂದು ಹೊಂದಾಣಿಕೆ ಸಾಕು.

ಡಿಸ್ಕ್ ಮಾರುವವರ ಮೇಲೆ ನಿಜಕ್ಕೂ ಸಿಟ್ಟಿದೆ. 'ಶುದ್ಧೀಕರಿಸಿದ ಧ್ವನಿ' ಎಂದು ಅಚ್ಚು ಹಾಕಿ, 5 ಕಿಲೋಹರ್ಟ್ಜ್ ಮೇಲಿನದನ್ನೆಲ್ಲ ಕತ್ತರಿಸಿದ್ದಾರೆ. ಗಾಯಕನ 'ಸ'ಕಾರ ಇರುವುದೇ ಅಲ್ಲಿ. ಒಮ್ಮೆ ಹೋದರೆ ಯಾವ ಫಿಲ್ಟರೂ ತರಲಾರದು. ಟಿವಿ ಪ್ರತಿಯನ್ನೇ ಹಿಡಿದದ್ದು ಇದಕ್ಕೇ.

ವೇಗ ಇಳಿದದ್ದರಿಂದ ಕನ್ನಡ ಸಬ್‌ಟೈಟಲ್ಲಿನ ಸಮಯಗಳನ್ನು 1.04167ರಿಂದ ಗುಣಿಸಿದರಾಯಿತು. ಒತ್ತಕ್ಷರಗಳು ಕೆಳಸಾಲಿಗೆ ತಾಗದಂತೆ ಸಾಲಿನ ಅಂತರ ಹೆಚ್ಚಿಸಿ.

ಮುಂದಿನದು 1931ರ 'ಲೂಸೆಸ್ ದೆ ಬ್ಯೂನಸ್ ಐರಿಸ್'. ಪ್ಯಾರಿಸ್ ಪಕ್ಕದ ಜ್ವಾನ್‌ವಿಲ್‌ನಲ್ಲಿ ತೆಗೆದದ್ದು. ಅದರಲ್ಲಿ ಟ್ಯಾಂಗೊ ಗಾಯಕ ಗಾರ್ಡೆಲ್ ಹಾಡಿದ 'ತೋಮೊ ಇ ಒಬ್ಲೀಗೊ'ಗೆ ಸಾಹಿತ್ಯ ಬರೆದವರೂ ಇದೇ ರೊಮೆರೊ. ಪ್ರೇಕ್ಷಕರು ಆ ಹಾಡನ್ನು ಮತ್ತೆ ಮತ್ತೆ ಹಾಕಿಸುತ್ತಿದ್ದರು, ಆದ್ದರಿಂದ ಸವೆತವನ್ನು ಮೊದಲು ಆ ರೀಲಿನಲ್ಲೇ ಹುಡುಕಬೇಕು.