ವಿಜಯಪುರದಿಂದ ಬಾದಾಮಿಗೆ ಹಳೆಯ ಬೈಕಿನಲ್ಲಿ: ದಾರಿಯಲ್ಲಿ ಪೆಟ್ರೋಲ್ ಸೋರಿದರೆ

ಬನದ ಹುಣ್ಣಿಮೆ ಕಳೆದ ಮೂರನೆಯ ದಿನ ನಾನು ಮತ್ತು ನನ್ನ ತಮ್ಮ ವಿಜಯಪುರದಿಂದ ಬನಶಂಕರಿ ಜಾತ್ರೆಗೆ ಬೈಕಿನಲ್ಲಿ ಹೊರಟೆವು. ಬಾದಾಮಿಗೆ ನೇರ ದಾರಿ ಕೊಲ್ಹಾರದ ಮೇಲಿದೆ. ಆದರೆ ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಿಕೊಂಡೇ ಹೋಗಬೇಕೆಂಬುದು ತಮ್ಮನ ಆಸೆಯಾಗಿದ್ದರಿಂದ 50ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿದು ಮನಗೂಳಿ, ನಿಡಗುಂದಿಯ ಕಡೆಗೆ ಸಾಗಿದೆವು. ನಮ್ಮದು 2011ರ 150 ಸಿಸಿ ಗಾಡಿ, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವಂಥದ್ದು. ಆ ಒಂದೇ ದಿನದಲ್ಲಿ ಅದು ಎರಡು ಬಾರಿ, ಎರಡು ಬೇರೆ ಬೇರೆ ಕಾರಣಗಳಿಂದ ಪೆಟ್ರೋಲ್ ಸೋರಿತು. ಇದೇ ದಾರಿಯಲ್ಲಿ ಹಳೆಯ ಗಾಡಿ ತೆಗೆದುಕೊಂಡು ಹೋಗುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮುನ್ಸೂಚನೆ ಹಿಂದಿನ ರಾತ್ರಿಯೇ ಸಿಕ್ಕಿತ್ತು. "ಮನ್ಯಾಗ ಪೆಟ್ರೋಲ್ ವಾಸನಿ ಬರಾಕತ್ತೈತಿ ನೋಡೋ" ಎಂದು ಅವ್ವ ಎರಡು ಸಲ ಹೇಳಿದ್ದಳು. ಸಂಜೆಯಷ್ಟೇ ಟ್ಯಾಂಕನ್ನು ಬಾಯಿಯವರೆಗೆ ತುಂಬಿಸಿ ತಂದಿದ್ದೆನಾದ್ದರಿಂದ ಅದರ ವಾಸನೆಯೇ ಇರಬೇಕೆಂದುಕೊಂಡು ಮಲಗಿದೆ. ಈ ಊಹೆಗೆ ಒಂದು ಆಧಾರವೇನೋ ಇದೆ. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ. 12 ಲೀಟರ್ ಪೆಟ್ರೋಲ್ 20 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 200 ಮಿಲಿಲೀಟರಿನಷ್ಟು ಹೆಚ್ಚುತ್ತದೆ. ಹಾಗಾಗಿ ತುಂಬಿದ ಗಾಡಿಯನ್ನು ಗೋಳಗುಮ್ಮಟದ ಮುಂದಿನ ಬಿಸಿಲಿನಲ್ಲಿ ನಿಲ್ಲಿಸಿದರೆ ಟ್ಯಾಂಕಿನ ಮುಚ್ಚಳದ ಬಳಿಯಿಂದ ಸ್ವಲ್ಪ ಹೊರಬರುವುದು ಸಹಜ, ಅದು ದೋಷವಲ್ಲ. ಆದರೆ ಜನವರಿಯ ತಂಪು ರಾತ್ರಿ ನೆರಳಿನಲ್ಲಿ ನಿಂತ ಗಾಡಿಗೆ ಈ ಕಾರಣ ಹೊಂದುವುದಿಲ್ಲ ಎಂಬುದನ್ನು ನಾನು ಆಗಲೇ ಯೋಚಿಸಬೇಕಿತ್ತು. ಮನೆಯವರು ವಾಸನೆ ಬರುತ್ತಿದೆ ಎಂದರೆ ದಯವಿಟ್ಟು ಎದ್ದು ನೋಡಿ.

ನಿಡಗುಂದಿಯಲ್ಲಿ ಚಹಾಕ್ಕೆ ನಿಂತಾಗ ತಮ್ಮ ತನ್ನ ಎಡಗಾಲಿನ ಬೂಟು ಒದ್ದೆಯಾಗಿರುವುದನ್ನು ತೋರಿಸಿದ. ಎಂಜಿನ್ನಿನ ಎಡಬದಿಯ ಧೂಳು ಕಪ್ಪಾಗಿ ಅಂಟಿಕೊಂಡಿತ್ತು, ನಡುವೆ ಒಂದು ಗೆರೆ ಮಾತ್ರ ತೊಳೆದಂತೆ ಶುಭ್ರವಾಗಿತ್ತು. ನೀರಿನ ಬಾಟಲಿಯ ಮುಚ್ಚಳವನ್ನು ಕೆಳಗಿಟ್ಟು ನೋಡಿದರೆ ನಾಲ್ಕು ನಿಮಿಷದಲ್ಲಿ ಅದು ತುಂಬಿತು. ಮುಚ್ಚಳದಲ್ಲಿ 6 ಮಿಲಿಲೀಟರ್ ಹಿಡಿಯುತ್ತದೆಂದು ಇಟ್ಟುಕೊಂಡರೂ ಗಂಟೆಗೆ 90 ಮಿಲಿಲೀಟರ್, ಅಂದರೆ ಒಂದು ರಾತ್ರಿಗೆ ಮುಕ್ಕಾಲು ಲೀಟರಿನಷ್ಟು ನಮ್ಮ ಪಡಸಾಲೆಯಲ್ಲಿ ಆವಿಯಾಗಿ ಹೋಗಿತ್ತು. ದೇವರ ದೀಪವೂ ಅದೇ ಪಡಸಾಲೆಯಲ್ಲಿ ಉರಿಯುತ್ತದೆ ಎಂಬುದು ನೆನಪಾಗಿ ನನಗೆ ನಿಜಕ್ಕೂ ಭಯವಾಯಿತು.

ಟ್ಯಾಂಕಿನ ತಳದಲ್ಲಿ ಪೆಟ್ರೋಲನ್ನು ಬಿಡುವ, ನಿಲ್ಲಿಸುವ ಕಾಕ್ ಬಂದ್ ಮಾಡಿ, ಹತ್ತಿರದಲ್ಲೇ ಇದ್ದ ಗ್ಯಾರೇಜಿಗೆ ಗಾಡಿಯನ್ನು ತಳ್ಳಿಕೊಂಡು ಹೋದೆವು. ಕಾರ್ಬೊರೇಟರಿನ ತಳ ಪೂರ್ತಿ ಹಸಿಯಾಗಿದ್ದುದರಿಂದ ಅದೇ ಸೋರುತ್ತಿದೆಯೆಂದು ನಾನು ಹೇಳಿದೆ. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಕಾಕಾ ಅದಕ್ಕೆ ಒಪ್ಪಲಿಲ್ಲ. "ಹಸಿ ಆಗಿದ್ದ ಜಾಗಾ ನೋಡಬ್ಯಾಡ ತಮ್ಮಾ, ಹಸಿ ಎಲ್ಲಿಂದ ಸುರು ಆಗೈತಿ ಅದನ್ನ ನೋಡು" ಎಂದವರೇ, ಎಂಜಿನ್ ಆರುವವರೆಗೆ ಕಾದು, ಟ್ಯಾಂಕಿನ ತಳದಿಂದ ಕೆಳಗಿನವರೆಗೆ ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿದರು. ನಂತರ ಟೈರಿಗೆ ಗುರುತು ಹಾಕುವ ಸೀಮೆಸುಣ್ಣವನ್ನು ಪುಡಿ ಮಾಡಿ ಕಾಕ್, ಪೈಪ್, ಕಾರ್ಬೊರೇಟರುಗಳ ಮೇಲೆ ಉದುರಿಸಿ ಕಾಕ್ ತೆರೆದರು. ಬಿಳಿ ಪುಡಿ ಮೊದಲು ಹಸಿಯಾದದ್ದು ಕಾಕಿಗೆ ಪೈಪ್ ಕೂಡುವಲ್ಲಿ. ಅಲ್ಲಿಂದ ಪೈಪಿನ ಹೊರಮೈ ಹಿಡಿದು ಇಳಿದ ಪೆಟ್ರೋಲ್ ಕಾರ್ಬೊರೇಟರಿನ ತಳದಿಂದ ತೊಟ್ಟಿಕ್ಕುತ್ತಿತ್ತು. ಈ ಸೀಮೆಸುಣ್ಣದ ಉಪಾಯಕ್ಕೆ ಖರ್ಚಿಲ್ಲ, ಇದರಿಂದ ತಪ್ಪು ಭಾಗ ಬಿಚ್ಚುವುದೂ ತಪ್ಪುತ್ತದೆ.

ಕ್ಲಿಪ್ಪಿನ ಕೆಳಗೆ ಪೈಪ್ ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿತ್ತು. ಕಾರಣ ಒಂದೇ ಅಲ್ಲ: ಪೈಪಿಗೆ ವಯಸ್ಸಾಗಿತ್ತು, ಎಂಜಿನ್ನಿನ ಶಾಖವಿತ್ತು, ಅದರ ಜೊತೆಗೆ ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ನಮ್ಮ ಭಾಗದ ಕಬ್ಬಿನಿಂದಲೂ ತಯಾರಾಗುವ ಈ ಎಥನಾಲನ್ನು ತಾಳಿಕೊಳ್ಳುವ ರಬ್ಬರ್ ಹಳೆಯ ಗಾಡಿಗಳಲ್ಲಿ ಇರುವುದಿಲ್ಲ. ಅದು ಮೊದಲು ಊದಿ, ಒಣಗಿದಾಗ ಸೀಳುತ್ತದೆ. ಕಾಕಾರ ಬಳಿ ಆ ದಿನ ಪೆಟ್ರೋಲ್ ಪೈಪ್ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಸಿಗುತ್ತಿತ್ತಾದರೂ, ಅದು ಪೆಟ್ರೋಲಿಗೆ ಬಹುಬೇಗ ಕಟ್ಟಿಗೆಯಂತಾಗುತ್ತದೆ ಎಂದು ಅವರೇ ಬೇಡವೆಂದರು. ಬಿರುಕಿದ್ದ ತುದಿಯನ್ನು ಒಂದೂವರೆ ಸೆಂಟಿಮೀಟರ್ ನೇರವಾಗಿ ಕತ್ತರಿಸಿ ಮತ್ತೆ ಕೂಡಿಸಿದರು. ಉಳಿದ ಪೈಪ್ ಬಿಗಿಯಾಗಿ ಎಳೆದಂತೆ ಆಗದೆ ಸಡಿಲವಾಗಿ ಬಾಗುವಷ್ಟು ಉದ್ದವಿದ್ದರೆ ಮಾತ್ರ ಹೀಗೆ ಮಾಡಬಹುದು. "ಬಾದಾಮ್ಯಾಗ ಹೊಸಾದು ಹಾಕ್ಸ್ರಿ, ಇದನ್ನ ನಂಬಬ್ಯಾಡ್ರಿ" ಎಂದು ಕಳುಹಿಸಿಕೊಟ್ಟರು.

ಕೂಡಲಸಂಗಮದಲ್ಲಿ ಕೃಷ್ಣೆ ಮತ್ತು ಮಲಪ್ರಭೆಯರು ಕೂಡುವಲ್ಲಿರುವ ಬಸವಣ್ಣನವರ ಐಕ್ಯಮಂಟಪಕ್ಕೆ ಹೋಗಿ ಬಂದಾಗ ಗಾಡಿ ಒಣಗಿತ್ತು. ಹುನಗುಂದ, ಅಮೀನಗಡದವರೆಗೂ ತೊಂದರೆಯಿರಲಿಲ್ಲ. ಐಹೊಳೆಯಲ್ಲಿ ಗಾಡಿ ನಿಲ್ಲಿಸಿ, ಮೇಗುತಿ ಗುಡ್ಡ ಹತ್ತಿ, ರವಿಕೀರ್ತಿಯ 634ರ ಶಾಸನ ನೋಡಿ ಇಳಿದು ಬಂದರೆ ಗಾಡಿಯ ಕೆಳಗಿನ ಮಣ್ಣು ಅಂಗೈ ಅಗಲ ಹಸಿಯಾಗಿತ್ತು. ಈ ಬಾರಿ ಪೈಪಿನ ತುದಿ ಒಣಗಿಯೇ ಇತ್ತು; ಪೆಟ್ರೋಲ್ ಬರುತ್ತಿದ್ದುದು ಕಾರ್ಬೊರೇಟರಿನ ಬಟ್ಟಲಿನಿಂದ ಕೆಳಗೆ ಇಳಿಬಿದ್ದಿರುವ ಓವರ್‌ಫ್ಲೋ ನಳಿಕೆಯಿಂದ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಒಂದು ತೇಲುಬುರುಡೆ ಇರುತ್ತದೆ. ಪೆಟ್ರೋಲ್ ತುಂಬಿದಂತೆ ಅದು ಮೇಲೇರಿ ಒಂದು ಸೂಜಿಯನ್ನು ಒತ್ತಿ ಒಳದಾರಿಯನ್ನು ಮುಚ್ಚುತ್ತದೆ. ಹಳೆಯ ಪೈಪನ್ನು ಕತ್ತರಿಸಿ ತುರುಕುವಾಗ ಉದುರಿದ ರಬ್ಬರಿನ ಕಣ ಆ ಸೂಜಿಯ ಕೆಳಗೆ ಸಿಕ್ಕಿಕೊಂಡರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಹೆಚ್ಚಾದದ್ದು ಓವರ್‌ಫ್ಲೋದಿಂದ ಹೊರಬೀಳುತ್ತದೆ. ಬೇವಿನ ಮರದ ನೆರಳಿಗೆ ಗಾಡಿ ತಂದು, ಎಂಜಿನ್ ತಣ್ಣಗಾದ ಮೇಲೆ ಕಾಕ್ ಬಂದ್ ಮಾಡಿ, ಬಟ್ಟಲಿನ ತಳದ ಡ್ರೇನ್ ಸ್ಕ್ರೂ ಸಡಿಲಿಸಿ ಒಳಗಿನದನ್ನು ಸ್ಟೀಲ್ ಡಬ್ಬಿಗೆ ಇಳಿಸಿದೆವು. ಡಬ್ಬಿಯ ತಳದಲ್ಲಿ ಎಳ್ಳಿನಂಥ ಕಪ್ಪು ಚೂರುಗಳು ಕಂಡವು. ಸ್ಕ್ರೂ ಸಡಿಲವಾಗಿರುವಾಗಲೇ ಕಾಕನ್ನು ಕೆಲವು ಸೆಕೆಂಡು ತೆರೆದು ಪೆಟ್ರೋಲ್ ರಭಸದಿಂದ ಹರಿಯಲು ಬಿಟ್ಟು, ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲನ್ನು ಮೆಲ್ಲಗೆ ತಟ್ಟಿದೆವು. ಎರಡನೆಯ ಸಲಕ್ಕೆ ಸೋರುವುದು ನಿಂತಿತು. ನಿಲ್ಲದೆ ಹೋಗಿದ್ದರೆ ಬಟ್ಟಲನ್ನೇ ಬಿಚ್ಚಬೇಕಾಗುತ್ತಿತ್ತು, ಆ ಕೆಲಸವನ್ನು ಧೂಳಿನಲ್ಲಿ ಕುಳಿತು ಮಾಡದೆ ಅಮೀನಗಡಕ್ಕೆ ಹಿಂತಿರುಗುವುದೇ ಒಳ್ಳೆಯದು. ಪೈಪ್ ಬದಲಿಸಿದಾಗಲೆಲ್ಲ ಅದನ್ನು ಕಾರ್ಬೊರೇಟರಿಗೆ ಸೇರಿಸುವ ಮೊದಲು ಸ್ವಲ್ಪ ಪೆಟ್ರೋಲನ್ನು ಡಬ್ಬಿಗೆ ಹರಿಸಿದರೆ ಈ ಎರಡನೆಯ ತೊಂದರೆ ಬರುವುದೇ ಇಲ್ಲ.

ಇಂಥ ಸೋರಿಕೆಯಾದ ಗಾಡಿಯ ಎಂಜಿನ್ ಆಯಿಲನ್ನೂ ನೋಡಬೇಕು. ಸೂಜಿ ಮುಚ್ಚದ ಗಾಡಿಯನ್ನು ಕಾಕ್ ತೆರೆದೇ ನಿಲ್ಲಿಸಿದರೆ ಪೆಟ್ರೋಲ್ ಸಿಲಿಂಡರಿನ ಮೂಲಕ ಆಯಿಲಿಗೆ ಇಳಿಯಬಹುದು. ಆಯಿಲ್ ಮಟ್ಟ ಏರಿದ್ದರೆ ಅಥವಾ ಅದಕ್ಕೆ ಪೆಟ್ರೋಲ್ ವಾಸನೆ ಬಂದಿದ್ದರೆ ಆಯಿಲ್ ಬದಲಿಸದೆ ಓಡಿಸಬಾರದು.

ಇಲ್ಲಿ ಹೇಳಿದ ಯಾವ ದುರಸ್ತಿಯೂ ಹೊಸ ಗಾಡಿಗಳಿಗೆ ಅನ್ವಯಿಸುವುದಿಲ್ಲ. 2020ರಲ್ಲಿ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲಿನ ಹೆಚ್ಚಿನ ಬೈಕುಗಳಲ್ಲಿ ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಭಾರಿ ಒತ್ತಡದಲ್ಲಿ ತಳ್ಳುತ್ತದೆ, ಕೀ ತೆಗೆದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಅದನ್ನು ಬಿಚ್ಚಿದರೆ ಮುಖಕ್ಕೇ ಸಿಡಿಯಬಹುದು, ಸಾದಾ ಪೈಪ್ ಹಾಕಿ ತಂತಿ ಬಿಗಿದರೆ ನಿಲ್ಲುವುದಿಲ್ಲ. ಅಂಥ ಗಾಡಿ ಸೋರಿದರೆ ಎಂಜಿನ್ ನಿಲ್ಲಿಸಿ, ಟೆಂಪೊದಲ್ಲಿ ಹಾಕಿಸಿಕೊಂಡು ತಿಳಿದವರ ಬಳಿಗೆ ಒಯ್ಯಿರಿ.

ಟ್ಯಾಂಕಿಗೇ ಸೂಜಿಮೊನೆಯಷ್ಟು ತೂತು ಬಿದ್ದರೆ ಗಟ್ಟಿ ಸಾಬೂನನ್ನು ಒತ್ತಿ ತಿಕ್ಕುವ ನಮ್ಮ ಕಡೆಯ ಹಳೆಯ ರೂಢಿ ನಿಜಕ್ಕೂ ಕೆಲಸ ಮಾಡುತ್ತದೆ, ಏಕೆಂದರೆ ಸಾಬೂನು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಆದರೆ ಅದು ಮುಂದಿನ ಊರು ಮುಟ್ಟಲಷ್ಟೇ. ಖಾಲಿ ಮಾಡಿದ ಟ್ಯಾಂಕಿಗೆ ತಕ್ಷಣ ವೆಲ್ಡಿಂಗ್ ಮಾಡಿಸಲು ಎಂದೂ ಒಪ್ಪಬೇಡಿ. ಒಳಗೆ ಉಳಿದ ಆವಿಯೇ ಸ್ಫೋಟಿಸುತ್ತದೆ.

ಜಾತ್ರೆಗೆ ಹೋಗುವವರು ಇನ್ನೊಂದು ಮಾತನ್ನು ಗಮನಿಸಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೇರದೆ ನೆಲ ಹಿಡಿದು ಹರಿಯುತ್ತದೆ. ಬನಶಂಕರಿಯಲ್ಲಿ ಮಿರ್ಚಿ, ಜಿಲೇಬಿ ಅಂಗಡಿಗಳ ಒಲೆಗಳು ನೆಲಮಟ್ಟಕ್ಕೆ ಹತ್ತಿರವೇ ಇರುತ್ತವೆ, ಬೈಕುಗಳೂ ಅವುಗಳ ಬದಿಗೇ ನಿಂತಿರುತ್ತವೆ. ಸೋರಿಕೆಯ ಅನುಮಾನವಿರುವ ಗಾಡಿಯನ್ನು ಜಾತ್ರೆಯ ಒಳಗೆ ಒಯ್ಯದೆ ದೂರದ ಬಯಲಿನಲ್ಲಿ ಕಾಕ್ ಬಂದ್ ಮಾಡಿ ನಿಲ್ಲಿಸಿ. ನಾವು ಗಾಡಿಯನ್ನು ಬಾದಾಮಿಯಲ್ಲೇ ಬಿಟ್ಟು ಟಂಟಂನಲ್ಲಿ ಹೋದೆವು.

ಮರುದಿನ ಬಾದಾಮಿಯಲ್ಲಿ ಪೈಪ್, ಎರಡು ಕ್ಲಿಪ್ಪು, ಕಾಕಿನ ವಾಷರ್ ಎಲ್ಲವನ್ನೂ ಹೊಸದಾಗಿ ಹಾಕಿಸಿ, ಒಂದು ಅಡಿ ಪೈಪನ್ನು ಹೆಚ್ಚಾಗಿ ಕೊಂಡು ಸೀಟಿನ ಕೆಳಗೆ ಇಟ್ಟುಕೊಂಡೆ. ನಿಮ್ಮ ಗಾಡಿಯ ಹಳೆಯ ತುಂಡನ್ನೇ ಅಂಗಡಿಗೆ ಒಯ್ದು ಅದರ ಒಳ ಅಳತೆಗೆ ಹೊಂದಿಸಿ ಕೊಳ್ಳಿ. ಕೆರೂರು, ಗದ್ದನಕೇರಿ ಕ್ರಾಸ್, ಕೊಲ್ಹಾರದ ಸೇತುವೆಯ ಮೇಲೆ ಹಾಯ್ದು ಮನೆ ಸೇರಿದಾಗ ಲೆಕ್ಕ ಹಾಕಿದೆ: ಹೋಗುವಾಗ ಲೀಟರಿಗೆ 36 ಕಿಲೋಮೀಟರ್ ಕೊಟ್ಟಿದ್ದ ಗಾಡಿ ಬರುವಾಗ 46 ಕೊಟ್ಟಿತ್ತು.